ಮೇಲಿನವರ ಮಾತು, ಕೆಳಗಿನವರ ಉತ್ತರ

ನಮ್ಮ ಮಂಗಳೂರಿನ ಕಚೇರಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಅತಿ ಹೆಚ್ಚು ಸಲ ಕಿವಿಗೆ ಬೀಳುವ ಮಾತು "ಆಯ್ತು ಸರ್" ಎಂಬುದು. ಮೇಲಧಿಕಾರಿ ಕೋಣೆಗೆ ಕರೆದು ಕೆಲಸ ಒಪ್ಪಿಸುತ್ತಾರೆ, ಎದುರು ನಿಂತವರು "ಆಯ್ತು ಸರ್" ಎಂದು ಹೊರಗೆ ಬರುತ್ತಾರೆ, ಬಂದವರೇ ಪಕ್ಕದ ಮೇಜಿನವರ ಹತ್ತಿರ ತುಳುವಿನಲ್ಲೋ ಕೊಂಕಣಿಯಲ್ಲೋ ಈ ಕೆಲಸ ಶನಿವಾರದೊಳಗೆ ಆಗುವಂಥದ್ದೇ ಅಲ್ಲವೆಂದು ಕಾರಣಸಹಿತ ವಿವರಿಸುತ್ತಾರೆ. ಆ ವಿವರಣೆ ಬಹಳ ಸಲ ಸರಿಯಾಗಿಯೇ ಇರುತ್ತದೆ. ಅದು ತಲುಪಬೇಕಾದ ಒಬ್ಬರನ್ನು ಬಿಟ್ಟು ಉಳಿದೆಲ್ಲರನ್ನೂ ತಲುಪಿರುತ್ತದೆ, ಅಷ್ಟೆ. ಶನಿವಾರ ಸಂಜೆ ಕೆಲಸ ಆಗದೆ ಉಳಿದಾಗ ಅಧಿಕಾರಿಗೆ ಆಶ್ಚರ್ಯ, ಸಿಟ್ಟು. "ನೀವೇ ಆಯ್ತು ಅಂದಿರಲ್ಲ" ಎಂಬ ಪ್ರಶ್ನೆ.

ನಗರದ ಒಂದು ಆಸ್ಪತ್ರೆಯ ಆಡಳಿತ ವಿಭಾಗದಲ್ಲಿ ಹಲವು ವರ್ಷ ಕೆಳಗಿನ ಮೇಜಿನಲ್ಲಿ ಕುಳಿತು, ಈಗ ಒಂದು ವಿಭಾಗದ ಹೊಣೆ ಹೊತ್ತಿರುವ ನನಗೆ ಈ ಎರಡೂ ಬದಿಯ ಪರಿಚಯವಿದೆ. ಸಂಸ್ಥೆಗಳು ನಾಯಕರಿಗಾಗಿ ಏರ್ಪಡಿಸುವ ತರಬೇತಿಗಳಲ್ಲಿ ಧ್ವನಿ ಹೇಗಿರಬೇಕು, ಎದುರಿನವರ ಕಣ್ಣು ನೋಡಿ ಮಾತಾಡುವುದು ಹೇಗೆ, ಸ್ಲೈಡಿನಲ್ಲಿ ಎಷ್ಟು ಸಾಲು ಇರಬೇಕು ಎಂಬುದನ್ನೆಲ್ಲ ಚೆನ್ನಾಗಿ ಕಲಿಸುತ್ತಾರೆ. ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟೆಂಟ್ ಸಭೆಯಲ್ಲಿ ಬೆಳೆದವನು, ಅಧಿಕಾರದಲ್ಲಿರುವವರ ಮಾತಿನ ಬಗ್ಗೆ ಸತ್ಯವೇದ, ಅಂದರೆ ಬೈಬಲ್, ಏನು ಹೇಳುತ್ತದೆಂದು ನೋಡಲು ಹೊರಟರೆ ಅಲ್ಲಿ ಇಂಥ ವಾಕ್ಚಾತುರ್ಯದ ಪಾಠ ತೀರ ಕಡಿಮೆ. ಯಾರ ಬಳಿಗೆ ಯಾರು ಮೊದಲು ಹೋಗಬೇಕು, ಎಷ್ಟು ಜನರ ಎದುರಿಗೆ ಮಾತಾಡಬೇಕು, ಕೇಳಿಸಿಕೊಂಡವನು ತಿರುಗಿ ಮಾತಾಡಲು ಎಡೆ ಇದೆಯೇ ಎಂಬ ಪ್ರಶ್ನೆಗಳು ಮಾತ್ರ ಮತ್ತೆ ಮತ್ತೆ ಬರುತ್ತವೆ. ನಾಯಕನಾದವನ ಮಾತು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಅದಕ್ಕೆ ಕೆಳಗಿನವರು ಕೊಡಬಹುದಾದ ಉತ್ತರದಿಂದ ಅಳೆಯಬೇಕೆಂಬುದು ನಾನು ಅಲ್ಲಿಂದ ಅರ್ಥಮಾಡಿಕೊಂಡಿರುವ ಸಂಗತಿ.

ಯಾಕೋಬನ ಪತ್ರಿಕೆಯನ್ನೇ ತೆಗೆದುಕೊಳ್ಳೋಣ. ಕಿವಿಗೊಡುವುದರಲ್ಲಿ ತೀವ್ರವಾಗಿಯೂ ಮಾತಾಡುವುದರಲ್ಲಿ, ಕೋಪಿಸಿಕೊಳ್ಳುವುದರಲ್ಲಿ ನಿಧಾನವಾಗಿಯೂ ಇರಬೇಕೆಂಬ ಅವನ ಮೊದಲ ಅಧ್ಯಾಯದ ಮಾತನ್ನು ಸಾಮಾನ್ಯವಾಗಿ ಕಿರಿಯರಿಗೆ ಬುದ್ಧಿ ಹೇಳಲು ಬಳಸುತ್ತೇವೆ. ಆದರೆ ಮೂರನೆಯ ಅಧ್ಯಾಯದಲ್ಲಿ ನಾಲಿಗೆಯ ವಿಷಯ ವಿಸ್ತಾರವಾಗಿ ಬರುವಾಗ ಅದು ಆರಂಭವಾಗುವುದು ಬೋಧಕರಾಗಲು ಬಯಸುವವರಿಗೆ ಕೊಟ್ಟ ಎಚ್ಚರಿಕೆಯಿಂದ. ನಿಮ್ಮಲ್ಲಿ ಬಹಳ ಮಂದಿ ಬೋಧಕರಾಗಬೇಡಿರಿ, ನಮಗೆ ಹೆಚ್ಚು ಕಠಿಣವಾದ ತೀರ್ಪು ಆಗುವುದೆಂದು ಹೇಳಿದ ಮೇಲೆಯೇ ಅವನು ಕುದುರೆಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡಿಗೆ ಹತ್ತುವ ಕಿಚ್ಚು ಇವುಗಳ ಮಾತಿಗೆ ಬರುತ್ತಾನೆ. ಹತ್ತು ಜನ ಕೇಳುವಂಥ ಸ್ಥಾನದಲ್ಲಿ ಕುಳಿತವನ ನಾಲಿಗೆಯನ್ನು ಕುರಿತೇ ಅವನು ಮೊದಲು ಮಾತಾಡುತ್ತಿದ್ದಾನೆ. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂಬ ಯೇಸುವಿನ ಮಾತನ್ನೂ ನಾವು ಹೀಗೆಯೇ ಕೆಳಗಿನವರ ಪ್ರಾಮಾಣಿಕತೆಯ ವಿಷಯವೆಂದುಕೊಂಡುಬಿಟ್ಟಿದ್ದೇವೆ. "ಆಗುವುದಿಲ್ಲ" ಎಂದವನ ಮುಂದಿನ ಇನ್‌ಕ್ರಿಮೆಂಟಿಗೆ ಕತ್ತರಿ ಬೀಳುವ ಕಚೇರಿಯಲ್ಲಿ ಎಲ್ಲರೂ "ಆಯ್ತು" ಎನ್ನುವುದಕ್ಕೆ ಹೊಣೆ ಯಾರೆಂದು ಆ ವಚನ ಓದುವ ಮೇಲಧಿಕಾರಿಗಳು ತಮ್ಮನ್ನೇ ಕೇಳಿಕೊಂಡರೆ ಚೆನ್ನ.

ಈಗಿನ ಕಚೇರಿಗಳಲ್ಲಿ ಉತ್ತರಕ್ಕೆ ಎಡೆಯೇ ಇಲ್ಲದ ಜಾಗವೆಂದರೆ ವಾಟ್ಸ್‌ಆ್ಯಪ್ ಗುಂಪು. ಬಿಲ್ಲಿಂಗ್ ಕೌಂಟರಿನಲ್ಲಿ ಯಾರೋ ಒಬ್ಬರು ರೋಗಿಯ ವಿಮೆಯ ಅರ್ಜಿಗೆ ತಪ್ಪು ಸಂಖ್ಯೆ ಹಾಕಿರುತ್ತಾರೆ. ಮೇಲಿನವರು ಆ ಕಾಗದದ ಫೋಟೊ ತೆಗೆದು, ತಪ್ಪಿನ ಸುತ್ತ ಕೆಂಪು ವೃತ್ತ ಎಳೆದು, ಇಡೀ ವಿಭಾಗವಿರುವ ಗುಂಪಿಗೆ ಹಾಕಿ "ಇದು ಯಾರ ಕೆಲಸ?" ಎಂದು ಕೇಳುತ್ತಾರೆ. ಕೆಳಗೆ ಸಹಿ ಕಾಣಿಸುತ್ತಲೇ ಇರುತ್ತದೆ, ಹಾಗಾಗಿ ಅದು ನಿಜವಾದ ಪ್ರಶ್ನೆಯೂ ಅಲ್ಲ. ಒಂದೊಂದಾಗಿ ನೀಲಿ ಗುರುತು ಮೂಡುತ್ತವೆ. ಯಾರೂ ಏನೂ ಬರೆಯುವುದಿಲ್ಲ. ಕೊನೆಗೆ ಯಾರೋ ಒಬ್ಬರು ಕೈಮುಗಿದ ಚಿಹ್ನೆ ಹಾಕುತ್ತಾರೆ. ತಪ್ಪು ಮಾಡಿದವರು ರಜೆಯಲ್ಲಿದ್ದರೆ ಮನೆಯಲ್ಲಿ ಮಕ್ಕಳ ಎದುರಿಗೆ ಅದನ್ನು ಓದುತ್ತಾರೆ. ಆ ಸಂಖ್ಯೆ ತಪ್ಪಿದ್ದು ಸಾಫ್ಟ್‌ವೇರ್ ಹಳೆಯ ಪಾಲಿಸಿಯನ್ನು ತಾನಾಗಿಯೇ ಎತ್ತಿಕೊಂಡದ್ದರಿಂದ ಎಂದು ಅವರಿಗೆ ಗೊತ್ತಿದ್ದರೂ ಅಲ್ಲಿ ಹೇಳುವಂತಿಲ್ಲ, ಹೇಳಿದರೆ ಎದುರುತ್ತರವಾಗುತ್ತದೆ. ಹೀಗಾಗಿ ಮರುದಿನ ಇನ್ನೊಬ್ಬರ ಕೈಯಲ್ಲಿ ಅದೇ ತಪ್ಪು ಆಗುತ್ತದೆ.

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಕ್ರಮ ಇದಕ್ಕೆ ನೇರ ವಿರುದ್ಧವಾದದ್ದು. ಸಹೋದರನು ತಪ್ಪು ಮಾಡಿದರೆ ಮೊದಲು ನೀನೇ ಹೋಗಿ ನೀನೂ ಅವನೂ ಇಬ್ಬರೇ ಇರುವಾಗ ತಿಳಿಸು. ಅವನು ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಈ ಮೂರು ಮೆಟ್ಟಿಲುಗಳಲ್ಲಿ ವಾಟ್ಸ್‌ಆ್ಯಪ್ ಗುಂಪು ಮೂರನೆಯದು, ನಾವು ಅದರಿಂದಲೇ ಆರಂಭಿಸುತ್ತಿದ್ದೇವೆ. ಇಲ್ಲಿ ನನ್ನ ಗಮನ ಸೆಳೆಯುವುದು ಗುಟ್ಟು ಕಾಪಾಡುವ ಸೌಜನ್ಯಕ್ಕಿಂತಲೂ ಹೋಗುವ ಕೆಲಸ. ಕರೆಸಿಕೊಳ್ಳುವುದು ಸುಲಭ, ಎದ್ದು ಎರಡು ಮಹಡಿ ಇಳಿದು ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಕುಳಿತು "ಇದು ಎಂತ ಆದದ್ದು, ಒಮ್ಮೆ ಹೇಳಿ" ಎಂದು ಕೇಳುವುದು ಕಷ್ಟ. ಅಲ್ಲಿ ಕುಳಿತಾಗ ಕಂಪ್ಯೂಟರಿನ ಪರದೆಯೂ ಕಾಣುತ್ತದೆ, ಹಳೆಯ ಪಾಲಿಸಿ ತಾನಾಗಿ ಬಂದು ಕೂರುವುದೂ ಕಾಣುತ್ತದೆ.

ಆದರೆ ಇದೇ ವಚನವನ್ನು ನಮ್ಮ ಕ್ರೈಸ್ತ ಸಂಸ್ಥೆಗಳಲ್ಲಿ ತಲೆಕೆಳಗು ಮಾಡಿ ಬಳಸುವುದನ್ನೂ ಕಂಡಿದ್ದೇನೆ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮೇಲಿನವರಿಂದ ಅನ್ಯಾಯವಾಗಿದೆಯೆಂದು ಕಿರಿಯ ಉದ್ಯೋಗಿ ಹೇಳಿಕೊಂಡಾಗ "ಮೊದಲು ನೀವಿಬ್ಬರೇ ಕುಳಿತು ಮಾತಾಡಿದಿರಾ? ಸತ್ಯವೇದ ಹಾಗೆ ಹೇಳುತ್ತದಲ್ಲ" ಎಂದು ಕೇಳಿ ಕಳುಹಿಸಿಬಿಡುತ್ತಾರೆ, ಇಲ್ಲವೇ "ಪ್ರಾರ್ಥಿಸೋಣ" ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಯೇಸು ಹೇಳಿದ್ದು ಸಹೋದರನಿಗೂ ಸಹೋದರನಿಗೂ ನಡುವಿನ ಕ್ರಮ. ಸಂಬಳ ಕೊಡುವವನ ಕೋಣೆಗೆ ಸಂಬಳ ಪಡೆಯುವವಳು ಒಬ್ಬಳೇ ಹೋಗಿ ಬಾಗಿಲು ಮುಚ್ಚಿಕೊಂಡು ಅವನ ತಪ್ಪನ್ನು ತಿಳಿಸಬೇಕೆಂದು ಅದರಿಂದ ಅರ್ಥ ಹೊರಡಿಸುವುದು ವಚನಕ್ಕೂ ಅನ್ಯಾಯ, ಆಕೆಗೂ ಅನ್ಯಾಯ. ಪ್ರಬಲರ ತಪ್ಪಿನ ವಿಷಯ ಬಂದಾಗ ಹೊಸ ಒಡಂಬಡಿಕೆ ಬೇರೆ ದಾರಿ ಹಿಡಿಯುವುದುಂಟು. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯರಲ್ಲಿ ಪ್ರಮುಖನಾದ ಪೇತ್ರನು ಯೆಹೂದ್ಯರಲ್ಲದವರೊಂದಿಗೆ ಊಟಕ್ಕೆ ಕೂರುವುದನ್ನು ಕೆಲವರಿಗೆ ಹೆದರಿ ಬಿಟ್ಟಾಗ ಪೌಲನು ಎಲ್ಲರ ಮುಂದೆ, ಮುಖಾಮುಖಿಯಾಗಿ ಅವನನ್ನು ಖಂಡಿಸಿದನೆಂದು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯಲು 2013ರಲ್ಲಿ ಬಂದ ಕಾಯ್ದೆಯೂ ಇದೇ ವಿವೇಕದಿಂದ ರೂಪುಗೊಂಡಂತೆ ನನಗೆ ಕಾಣುತ್ತದೆ. 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಹಿರಿಯ ಮಹಿಳಾ ಉದ್ಯೋಗಿಯ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ರಾಜಿ ಮಾತುಕತೆಗೆ ಕೂಡ ದೂರು ಕೊಟ್ಟ ಮಹಿಳೆ ತಾನಾಗಿ ಕೇಳಿಕೊಂಡರೆ ಮಾತ್ರ ಅವಕಾಶ. ಸಭೆಯ ಹೆಸರು ಹೊತ್ತ ಸಂಸ್ಥೆಗಳು ಈ ಸಮಿತಿಯ ಸದಸ್ಯರ ಹೆಸರನ್ನು ನೋಟಿಸ್ ಬೋರ್ಡಿನಲ್ಲಿ ಎದ್ದು ಕಾಣುವಂತೆ ಹಾಕುವುದು ಕೂಡ ನಾಯಕರ ಸಂವಹನದ ಭಾಗವೇ.

ಈ ಗೊಂದಲಕ್ಕೆ ನಮ್ಮೂರಿನಲ್ಲಿ ಇತಿಹಾಸದ ಬೇರೂ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಇಲ್ಲಿ ಶಾಲೆ ಕಟ್ಟಿತು, ಮುದ್ರಣಾಲಯ ನಡೆಸಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕ್ರೈಸ್ತರಾದದ್ದರಿಂದ ಮನೆ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು ಅನ್ನ ಕೊಟ್ಟವು, ಆ ಋಣವನ್ನು ನಾನು ಹಗುರವಾಗಿ ನೋಡುವವನಲ್ಲ. ಆದರೆ ಭಾನುವಾರ ದೇವರ ವಾಕ್ಯ ಬೋಧಿಸುವವರೂ ಸೋಮವಾರ ಕೂಲಿ ಕೊಡುವವರೂ ಒಂದೇ ಮಿಶನಿಗೆ ಸೇರಿದವರಾಗಿದ್ದಾಗ, ಧಣಿಗೆ ಎದುರಾಡುವುದು ದೈವಕ್ಕೆ ಎದುರಾಡಿದಂತೆ ಕಾಣುವ ಅಪಾಯ ಇದ್ದೇ ಇರುತ್ತದೆ. ಮಿಶನ್ ಹೋಗಿ ಶತಮಾನವೇ ಕಳೆದರೂ ಆ ನೆರಳು ಪೂರ್ತಿ ಸರಿದಿಲ್ಲ. ಸಂಸ್ಥೆಯ ಮುಖ್ಯಸ್ಥರು ಒಂದು ತೀರ್ಮಾನವನ್ನು ಪ್ರಾರ್ಥನೆಯ ಮೂಲಕ ದೊರೆತದ್ದೆಂದು ಸಭೆಯಲ್ಲಿ ಪ್ರಕಟಿಸಿದರೆ, ಕ್ಯಾಂಟೀನಿನ ಲೆಕ್ಕ ನೋಡುವವರು ಅದರಲ್ಲಿ ದೋಷವಿದೆಯೆಂದು ಹೇಗೆ ಹೇಳಿಯಾರು? ಪ್ರಾರ್ಥಿಸಿಯೇ ತೀರ್ಮಾನಕ್ಕೆ ಬಂದಿರಬಹುದು, ಬರಲಿ. ಅದನ್ನು ಮಂಡಿಸುವಾಗ ಅಂಕಿ-ಅಂಶದ ಆಧಾರದಿಂದ ಮಂಡಿಸುವುದು ಒಳ್ಳೆಯದು, ಏಕೆಂದರೆ ಅಂಕಿಗಳನ್ನು ಪ್ರಶ್ನಿಸಬಹುದು.

ದೂರನ್ನು ಕೇಳುವ ವಿಷಯದಲ್ಲಿ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯಕ್ಕಿಂತ ಉಪಯುಕ್ತವಾದ ಭಾಗವನ್ನು ನಾನು ಕಂಡಿಲ್ಲ. ಯೆರೂಸಲೇಮಿನ ಮೊದಲ ಸಭೆ ಬೆಳೆಯುತ್ತಿದ್ದ ಕಾಲ ಅದು. ಪ್ರತಿದಿನ ವಿಧವೆಯರಿಗೆ ಆಹಾರ ಹಂಚುವಾಗ ಗ್ರೀಕ್ ಭಾಷೆಯವರ ವಿಧವೆಯರನ್ನು ಅಲಕ್ಷಿಸಲಾಗುತ್ತಿದೆಯೆಂಬ ಗೊಣಗಾಟ ಏಳುತ್ತದೆ. ಸಭೆಯ ನಾಯಕರಾದ ಹನ್ನೆರಡು ಮಂದಿ ಅಪೊಸ್ತಲರು ಗೊಣಗಿದವರು ಯಾರೆಂದು ವಿಚಾರಣೆ ನಡೆಸುವುದಿಲ್ಲ, ಐಕ್ಯವನ್ನು ಕೆಡಿಸಬೇಡಿರೆಂದು ಪ್ರಸಂಗ ಮಾಡುವುದೂ ಇಲ್ಲ. ಎಲ್ಲರನ್ನೂ ಕರೆದು, ವಾಕ್ಯಬೋಧನೆಯನ್ನು ಬಿಟ್ಟು ಊಟದ ಹಂಚಿಕೆಯನ್ನು ನೋಡಿಕೊಳ್ಳುವುದು ತಮಗೆ ತಕ್ಕದ್ದಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿ, ಒಳ್ಳೆಯ ಹೆಸರು ಪಡೆದ ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿರೆನ್ನುತ್ತಾರೆ. ಆರಿಸಿಬಂದ ಹೆಸರುಗಳನ್ನು ಓದಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಯಾರ ಕಡೆಯವರಿಗೆ ಕೊರತೆಯಾಗಿತ್ತೋ ಅವರ ಭಾಷೆ ಬಲ್ಲವರ ಕೈಗೇ ಹಂಚಿಕೆಯ ಕೆಲಸ ಹೋಯಿತೆಂದು ಇದರಿಂದ ಊಹಿಸಬಹುದು.

ಭಾಷೆಯ ಕಾರಣದಿಂದ ಒಬ್ಬರು ಸಾಲಿನ ಹಿಂದೆ ಬೀಳುವುದು ಮಂಗಳೂರಿಗರಿಗೆ ಹೊಸ ಸುದ್ದಿಯಲ್ಲ. ನಮ್ಮ ಒಂದೇ ವಾರ್ಡಿನಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ದಾದಿಯರು ತಮ್ಮೊಳಗೆ ಮಲಯಾಳದಲ್ಲಿ ಮಾತಾಡುತ್ತಾರೆ, ಅಟೆಂಡರುಗಳದ್ದು ತುಳು, ಹಾಸಿಗೆಯ ಮೇಲಿರುವವರದ್ದು ಬ್ಯಾರಿಯೋ ಕೊಂಕಣಿಯೋ, ಇತ್ತೀಚೆಗೆ ಸ್ವಚ್ಛತೆಯ ಕೆಲಸಕ್ಕೆ ಬಂದವರದ್ದು ಹಿಂದಿ ಅಥವಾ ಬಂಗಾಳಿ. ಇಷ್ಟೆಲ್ಲ ಇದ್ದೂ ಸುತ್ತೋಲೆಗಳು ಮಾತ್ರ ಇಂಗ್ಲಿಷಿನಲ್ಲೇ ಬರುತ್ತವೆ. ಅನ್ಯಭಾಷೆಯಲ್ಲಿ ಹತ್ತು ಸಾವಿರ ಮಾತನಾಡುವುದಕ್ಕಿಂತ ಅರ್ಥವಾಗುವ ಐದು ಮಾತನಾಡುವುದೇ ತನಗೆ ಇಷ್ಟವೆಂದು ಪೌಲನು ಕೊರಿಂಥದವರಿಗೆ ಬರೆದದ್ದು ಆರಾಧನೆಯ ಸಂದರ್ಭದಲ್ಲಿ ಎಂಬುದು ನಿಜ, ಆದರೆ ಕಾರಣವಾಗಿ ಅವನು ಕೊಡುವುದು ಕೇಳಿದವರಿಗೆ ಅದರಿಂದ ಆಗುವ ಪ್ರಯೋಜನವನ್ನು. ಕಸ ವಿಂಗಡಣೆಯ ಹೊಸ ನಿಯಮದ ಸುತ್ತೋಲೆಯನ್ನು, ಆ ಕೆಲಸ ಮಾಡುವವರಲ್ಲಿ ಒಬ್ಬರೂ ಓದಲಾರದ ಭಾಷೆಯಲ್ಲಿ ಹೊರಡಿಸಿ, ಆಮೇಲೆ ಸೋಂಕಿನ ಕಸಕ್ಕೆಂದಿರುವ ಹಳದಿ ಚೀಲದಲ್ಲಿ ಊಟದ ಎಲೆ ಸಿಕ್ಕಿತೆಂದು ದಂಡ ಹಾಕುವವರಿಗೆ ಇದನ್ನು ಓದಿ ಹೇಳಬೇಕೆನಿಸುತ್ತದೆ.

ಆಸ್ಪತ್ರೆಯಲ್ಲಿರುವ ಒಂದು ಪದ್ಧತಿಯನ್ನು ಎಲ್ಲ ಕಚೇರಿಗಳೂ ತೆಗೆದುಕೊಳ್ಳಬಹುದು. ರಾತ್ರಿ ಪಾಳಿಯಲ್ಲಿ ಡಾಕ್ಟರು ಫೋನಿನಲ್ಲಿ ಔಷಧಿ ಹೇಳಿದರೆ ಸಿಸ್ಟರ್ ಅದನ್ನು ಬರೆದುಕೊಂಡು, ಬರೆದದ್ದನ್ನು ತಿರುಗಿ ಓದಿ ಹೇಳಬೇಕು. ಇಂಗ್ಲಿಷಿನಲ್ಲಿ ಹದಿನೈದಕ್ಕೂ ಐವತ್ತಕ್ಕೂ ಫೋನಿನಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ, ಆದ್ದರಿಂದ ಅಂಕಿಗಳನ್ನು ಬಿಡಿಬಿಡಿಯಾಗಿ "ಒನ್ ಫೈವ್, ಹದಿನೈದು ಮಿಲಿಗ್ರಾಂ, ಸರಿ ಅಲ್ವಾ ಡಾಕ್ಟ್ರೇ?" ಎಂದು ಕೇಳಬೇಕು, ಆ ಕಡೆಯಿಂದ "ಸರಿ" ಎಂದು ಬಂದ ಮೇಲೆಯೇ ಆದೇಶ ಪೂರ್ತಿಯಾದ ಹಾಗೆ. ಈ ಕ್ರಮದಲ್ಲಿ ಹಿರಿಯ ತಜ್ಞರ ಮಾತೂ ಕಿರಿಯ ದಾದಿಯ ಬಾಯಿಯಿಂದ ತಿರುಗಿ ಬರುವವರೆಗೆ ಆದೇಶವೆನಿಸುವುದಿಲ್ಲ. ಕೆಲವು ಡಾಕ್ಟರುಗಳಿಗೆ ಇದು ಸಮಯ ಹಾಳೆಂದು ತೋರುತ್ತದೆ, ಸಿಡುಕುತ್ತಾರೆ. ಸಿಡುಕಿಗೆ ಹೆದರಿ ತಿರುಗಿ ಓದುವುದನ್ನು ಬಿಟ್ಟ ವಾರ್ಡಿನಲ್ಲಿ ಯಾವ ದಿನ ಏನಾಗಬಹುದೆಂದು ಆ ಕೆಲಸದಲ್ಲಿರುವವರಿಗೆ ಬೇರೆ ಹೇಳಬೇಕಾಗಿಲ್ಲ. ಬೆದರಿಸುವುದನ್ನು ಬಿಟ್ಟುಬಿಡಿರೆಂದು ಎಫೆಸದವರಿಗೆ ಬರೆದ ಪತ್ರಿಕೆ ಯಜಮಾನರಿಗೆ ಹೇಳುವುದರ ಪ್ರಾಯೋಗಿಕ ಲಾಭ ಇದು.

ಕೇಳಿಸಿಕೊಂಡಂತೆ ನಟಿಸುವುದು ಬೇರೆ, ನಿಜವಾಗಿ ಕೇಳಿಸಿಕೊಳ್ಳುವುದು ಬೇರೆ. ಇಸ್ರಾಯೇಲಿನ ಅರಸ ಸೊಲೊಮೋನನ ಮಗ ರೆಹಬ್ಬಾಮನ ಕತೆಯಲ್ಲಿ ಇದು ಸ್ಪಷ್ಟವಾಗಿದೆ. ನಿನ್ನ ತಂದೆ ಹೊರಿಸಿದ ನೊಗವನ್ನು ಹಗುರ ಮಾಡು ಎಂದು ಜನ ಬಂದು ಕೇಳಿಕೊಂಡಾಗ ಅವನು ಮೂರನೆಯ ದಿನ ಬನ್ನಿರೆಂದು ಕಳುಹಿಸಿ, ಹಿರಿಯರನ್ನು ಕೇಳಿದ, ತನ್ನ ಜೊತೆಗೆ ಬೆಳೆದ ಯುವಕರನ್ನೂ ಕೇಳಿದ. ನಮ್ಮ ಕಾಲದ ಲೆಕ್ಕದಲ್ಲಿ ಸಮಾಲೋಚನೆಯ ಎಲ್ಲ ಹಂತಗಳೂ ಮುಗಿದವು. ಜನರಿಗೆ ಒಳ್ಳೆಯ ಮಾತಿನಿಂದ ಉತ್ತರ ಕೊಟ್ಟು ಇಂದು ನೀನು ಅವರ ಸೇವಕನಾದರೆ ಅವರು ಎಂದೆಂದಿಗೂ ನಿನ್ನ ಸೇವಕರಾಗಿರುವರೆಂದ ಹಿರಿಯರ ಸಲಹೆಯನ್ನು ತಳ್ಳಿಹಾಕಿ, ತನ್ನ ಕಿರುಬೆರಳೇ ತಂದೆಯ ಸೊಂಟಕ್ಕಿಂತ ದಪ್ಪವೆಂಬಂಥ ಬಿರುನುಡಿಗಳನ್ನು ಕಲಿಸಿಕೊಟ್ಟವರ ಸಲಹೆಯನ್ನು ಹಿಡಿದ. ರಾಜ್ಯದ ಹತ್ತು ಕುಲಗಳು ಅವನಿಂದ ಬೇರೆಯಾದವು. ಇದೆಲ್ಲ ಪ್ರಸಂಗಗಳಲ್ಲಿ ಬರುತ್ತದೆ. ಪ್ರಸಂಗಗಳಲ್ಲಿ ಅಪರೂಪಕ್ಕೆ ಬರುವುದು ಅದರ ಮುಂದಿನ ವಿವರ: ಸಿಟ್ಟಾದ ಆ ಜನರ ಬಳಿಗೆ ಅರಸನು ತನ್ನ ಪರವಾಗಿ ಕಳುಹಿಸಿದ್ದು ಅದೋರಾಮನನ್ನು, ಅಂದರೆ ಬಿಟ್ಟಿಕೆಲಸ ಮಾಡಿಸುವವರ ಮುಖ್ಯಸ್ಥನನ್ನು. ಜನ ಅವನನ್ನು ಕಲ್ಲೆಸೆದು ಕೊಂದರು. ತಾನು ಆಡಿದ ಕೆಟ್ಟ ಮಾತಿನ ಫಲವನ್ನು ಎದುರಿಸಲು ತಾನು ಹೋಗದೆ ಕೈಕೆಳಗಿನವನನ್ನು ಕಳುಹಿಸುವ ಅಭ್ಯಾಸ ಹಳೆಯದು. ಗುತ್ತಿಗೆ ನವೀಕರಣವಾಗುವುದಿಲ್ಲವೆಂಬ ಸುದ್ದಿಯನ್ನು ಮುಖ್ಯಸ್ಥರ ಬದಲು ಎಚ್.ಆರ್. ವಿಭಾಗದ ಇಪ್ಪತ್ನಾಲ್ಕರ ಹುಡುಗಿ ಹೇಳಬೇಕಾಗುವ ಕಡೆಗಳಲ್ಲಿ ನನಗೆ ಅದೋರಾಮನ ನೆನಪಾಗುತ್ತದೆ.

ಸಮಾಲೋಚನೆಯ ವಿಷಯ ಬಂದದ್ದರಿಂದ ಎರಡು ಹಳೆಯ ನಿಯಮಗಳನ್ನು ಹೇಳುತ್ತೇನೆ, ಎರಡೂ ನಮ್ಮ ಸಭೆಯ ಪರಂಪರೆಯಿಂದ ಬಂದವಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠಗಳಿಗೆ ಬರೆದ ನಿಯಮಾವಳಿಯಲ್ಲಿ, ಮುಖ್ಯ ವಿಷಯವಿದ್ದಾಗ ಮಠಾಧಿಪತಿಯು ಎಲ್ಲ ಸಹೋದರರನ್ನೂ ಕರೆಯಬೇಕೆಂದಿದೆ. ಉತ್ತಮವಾದದ್ದನ್ನು ದೇವರು ಹಲವು ಸಲ ಕಿರಿಯನಿಗೆ ತಿಳಿಯಪಡಿಸುತ್ತಾನೆಂಬುದು ಅದಕ್ಕೆ ಕೊಟ್ಟ ಕಾರಣ. ತೀರ್ಮಾನ ಅಧಿಪತಿಯದ್ದೇ, ಆದರೆ ಕೇಳಿದ ಮೇಲೆ. ನಮ್ಮ ವಾರದ ಸಭೆಯಲ್ಲಿ ಹೊಸಬರಿಂದ ಆರಂಭಿಸಿ ಹಿರಿಯರು ಕೊನೆಯಲ್ಲಿ ಮಾತಾಡುವ ಕ್ರಮ ತಂದ ಮೇಲೆ ಸಭೆ ಉದ್ದವಾಯಿತು, ಅದನ್ನು ಒಪ್ಪುತ್ತೇನೆ. ಮುಖ್ಯಸ್ಥರ ಅಭಿಪ್ರಾಯವನ್ನೇ ಎಲ್ಲರೂ ಬೇರೆ ಬೇರೆ ಮಾತಿನಲ್ಲಿ ಒಪ್ಪಿಸುವುದು ಮಾತ್ರ ನಿಂತಿತು. ಇನ್ನೊಂದು ಇಗ್ನೇಷಿಯಸ್ ಲೊಯೊಲರದ್ದು. ನಮ್ಮ ನಗರದಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದ ಜೆಸ್ವಿಟರೆಂಬ ಕಥೋಲಿಕ ಸಂಘದ ಮೂಲಗುರು ಅವರು. ಅವರ "ಆಧ್ಯಾತ್ಮಿಕ ಅಭ್ಯಾಸಗಳು" ಎಂಬ ಪುಸ್ತಕದ ಆರಂಭದಲ್ಲೇ ಒಂದು ಸೂಚನೆಯಿದೆ: ಇನ್ನೊಬ್ಬರ ಮಾತನ್ನು ತಪ್ಪೆನ್ನುವುದಕ್ಕಿಂತ ಅದಕ್ಕೆ ಒಳ್ಳೆಯ ಅರ್ಥ ಕೊಡಲು ಹೆಚ್ಚು ಸಿದ್ಧರಾಗಿರಬೇಕು, ಹಾಗೆ ಆಗದಿದ್ದರೆ ಯಾವ ಅರ್ಥದಲ್ಲಿ ಹೇಳಿದರೆಂದು ಅವರನ್ನೇ ಕೇಳಬೇಕು, ತಪ್ಪಿದ್ದರೆ ಪ್ರೀತಿಯಿಂದ ತಿದ್ದಬೇಕು. ರಾತ್ರಿ ಹನ್ನೊಂದಕ್ಕೆ ಬಂದ ಮೂರು ಶಬ್ದದ ಇಮೇಲಿಗೆ ಉತ್ತರ ಬರೆಯುವ ಮೊದಲು ಪ್ರಾಟೆಸ್ಟೆಂಟರೂ ಇದನ್ನು ಪಾಲಿಸಬಹುದು.

ಇಷ್ಟು ಹೇಳಿದ ಮೇಲೆ, ನಾಯಕರು ಗಟ್ಟಿಯಾಗಿ ಮಾತಾಡಲೇಬಾರದೆಂದು ಯಾರಾದರೂ ಅಂದುಕೊಂಡರೆ ನೆಹೆಮೀಯನ 5ನೆಯ ಅಧ್ಯಾಯವನ್ನು ಓದಬೇಕು. ಬಡವರು ಹೊಲ ಒತ್ತೆಯಿಟ್ಟು ಮಕ್ಕಳನ್ನು ದಾಸತ್ವಕ್ಕೆ ಕೊಡಬೇಕಾಗಿ ಬಂದದ್ದನ್ನು ಕೇಳಿ ಯೆಹೂದದ ಅಧಿಪತಿಯಾಗಿದ್ದ ನೆಹೆಮೀಯನಿಗೆ ಬಹಳ ಸಿಟ್ಟು ಬಂತು. ಮೊದಲು ತನ್ನೊಳಗೇ ಆಲೋಚಿಸಿಕೊಂಡ, ಆಮೇಲೆ ಶ್ರೀಮಂತರನ್ನೂ ಅಧಿಕಾರಿಗಳನ್ನೂ ದೊಡ್ಡ ಸಭೆ ಸೇರಿಸಿ ಖಂಡಿಸಿದ. ಬಯ್ಗುಳ ಮೇಲಿನವರ ಕಡೆಗೆ ಹೋದದ್ದನ್ನು ಗಮನಿಸಬೇಕು. ತಾನೂ ತನ್ನ ಸಹೋದರರೂ ಸೇವಕರೂ ಅದೇ ಜನರಿಗೆ ಹಣವನ್ನೂ ಧಾನ್ಯವನ್ನೂ ಸಾಲ ಕೊಟ್ಟಿರುವುದನ್ನು ಅಲ್ಲಿಯೇ ಹೇಳಿ, ಇದನ್ನು ಬಿಟ್ಟುಬಿಡೋಣ ಎಂದ. ವೆಚ್ಚ ಕಡಿತದ ಸುತ್ತೋಲೆ ಬರೆಯುವವರು ತಮ್ಮ ಪ್ರಯಾಣಭತ್ಯೆಯನ್ನು ಮೊದಲ ಸಾಲಿನಲ್ಲಿ ಸೇರಿಸಿದರೆ ಉಳಿದ ಸಾಲುಗಳಿಗೆ ತೂಕ ಬರುತ್ತದೆ.

ಬರವಣಿಗೆಯಲ್ಲಿ ಆಡುವ ಅಧಿಕಾರದ ಮಾತಿಗೆ ಹೊಸ ಒಡಂಬಡಿಕೆಯಲ್ಲಿ ಒಳ್ಳೆಯ ಮಾದರಿಯೆಂದರೆ ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆ. ಒಂದೇ ಅಧ್ಯಾಯ, 25 ವಚನಗಳು. ಫಿಲೆಮೋನನ ದಾಸನಾದ ಒನೇಸಿಮನು ಅವನನ್ನು ಅಗಲಿ ಪೌಲನ ಬಳಿ ಸೇರಿದ್ದಾನೆ. ಅಪ್ಪಣೆ ಕೊಡಲು ತನಗೆ ಧೈರ್ಯವಿದ್ದರೂ ಅವನನ್ನು ಸಹೋದರನಂತೆ ತಿರುಗಿ ಸೇರಿಸಿಕೊಳ್ಳೆಂದು ಪ್ರೀತಿಯ ನಿಮಿತ್ತ ಬೇಡಿಕೊಳ್ಳುತ್ತೇನೆಂದು ಪೌಲನು ಬರೆಯುತ್ತಾನೆ, ನಿನ್ನ ಒಪ್ಪಿಗೆಯಿಲ್ಲದೆ ಏನನ್ನೂ ಮಾಡಲು ಮನಸ್ಸಿಲ್ಲವೆನ್ನುತ್ತಾನೆ, ಒನೇಸಿಮನಿಂದ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆಂದು ತನ್ನ ಸ್ವಂತ ಕೈಯಿಂದ ಬರೆದುಕೊಡುತ್ತಾನೆ. ನೀನು ನಿನ್ನನ್ನೇ ನನಗೆ ಸಲ್ಲಿಸಬೇಕಾದವನೆಂಬುದನ್ನು ನಾನು ಹೇಳುವುದಿಲ್ಲ ಎಂದು ಹೇಳಿಯೂ ಬಿಡುತ್ತಾನೆ, ನನಗಾಗಿ ಬಿಡಾರ ಸಿದ್ಧಮಾಡು, ಬರುತ್ತೇನೆಂದೂ ಸೇರಿಸುತ್ತಾನೆ. ಇದರಲ್ಲಿ ಒತ್ತಡವಿಲ್ಲವೆಂದು ವಾದಿಸಲಾರೆ; ಇಂಥ ಪತ್ರ ನನ್ನ ಮೇಜಿಗೆ ಬಂದರೆ ನನಗೂ ಸ್ವಲ್ಪ ಬಿಸಿ ತಟ್ಟುತ್ತಿತ್ತು. ಆದರೂ ಪೌಲನು ತನ್ನ ಹೆಸರನ್ನೂ ತನ್ನ ಹಣವನ್ನೂ ಮುಂದಿಟ್ಟು ತೀರ್ಮಾನವನ್ನು ಫಿಲೆಮೋನನಿಗೇ ಬಿಟ್ಟಿದ್ದಾನೆ.

ನಮ್ಮ ಮೆಮೊಗಳು ಸಾಮಾನ್ಯವಾಗಿ ಇದಕ್ಕೆ ವ್ಯತಿರಿಕ್ತ. "ಆದೇಶದ ಮೇರೆಗೆ" ಎಂದು ಕರ್ತೃವಿಲ್ಲದ ವಾಕ್ಯ, ಅರ್ಥವಾಗದ ಸಹಿ, ಮೂರು ದಿನದೊಳಗೆ ವಿವರಣೆ ಕೊಡತಕ್ಕದ್ದೆಂಬ ಅಚ್ಚಾದ ಸಾಲು. ವಿವರಣೆ ಕೊಟ್ಟರೆ ಯಾರು ಓದುತ್ತಾರೆಂದು ಅದರಲ್ಲಿ ಇರುವುದಿಲ್ಲ. ನನ್ನ ವಿಭಾಗದಿಂದ ಹೋಗುವ ಮೆಮೊದಲ್ಲಿ ಬರೆದವರ ಹೆಸರು ಪೂರ್ತಿ ಇರಬೇಕು, ಅದನ್ನು ಪ್ಯೂನ್ ಮೂಲಕ ಕಳುಹಿಸದೆ ಬರೆದವರೇ ಕೊಡಬೇಕು, ಮಾತಾಡಲು ಯಾವಾಗ ಬರಬಹುದೆಂಬುದೂ ಅದರಲ್ಲಿ ಇರಬೇಕು ಎಂದು ಮಾಡಿಕೊಂಡಿದ್ದೇವೆ. ಬಂದವರು ಹೆಚ್ಚಾಗಿ ಹೇಳುವುದು ಮೆಮೊದಲ್ಲಿ ಇಲ್ಲದ ವಿಷಯವನ್ನೇ: ಕೆಟ್ಟು ನಿಂತ ಪ್ರಿಂಟರ್, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಸರಿಯಾಗಿ ಹೊರಟುಹೋಗುವ ಮುಡಿಪು ಎಂಬ ಊರಿನ ಬಸ್ಸು. ಬಸ್ಸಿನ ವಿಷಯ ತಿಳಿದ ಮೇಲೆ ಆ ಪಾಳಿ ಹದಿನೈದು ನಿಮಿಷ ಬೇಗ ಮುಗಿಯುವಂತೆ ಬದಲಿಸಿದೆವು. ಪಾಳಿ ಮುಗಿಯುವ ಮೊದಲೇ ಕೌಂಟರ್ ಖಾಲಿಯಾಗುತ್ತಿದೆಯೆಂದು ಕೊಡುತ್ತಿದ್ದ ಮೆಮೊಗಳು ಅಲ್ಲಿಗೆ ನಿಂತವು.